ಏಳು ಅಂದರೆ ಹೇಳು

ಆ ಪುಸ್ತಕ ಇಂಗ್ಲಿಷಿನದಲ್ಲ ಎಂದು ಗೊತ್ತಾಗಲು ನನಗೆ ಒಂದು ವರ್ಷ ಎರಡು ತಿಂಗಳು ಹಿಡಿಯಿತು. ಅಷ್ಟರಲ್ಲಿ ನಾನು ಅದನ್ನು ಅರ್ಧಕ್ಕಿಂತ ಹೆಚ್ಚು ಓದಿ ಹೇಳಿ ಮುಗಿಸಿದ್ದೆ.

ಪುಸ್ತಕ ತಂದುಕೊಟ್ಟವಳು ದೊಡ್ಡವ್ವ ಚೆಲುವಮ್ಮ. ಅವಳು ಬಿಳಿಗಿರಿರಂಗನ ಬೆಟ್ಟದ ಒಂದು ಲಾಡ್ಜಿನಲ್ಲಿ ಹಾಸಿಗೆ ಬಟ್ಟೆ ಒಗೆಯುತ್ತಾಳೆ. ಹುಲಿ ನೋಡಲು ಬಂದ ಯಾರೋ ಪರದೇಶದವರು ದಿಂಬಿನ ಕೆಳಗೆ ಬಿಟ್ಟುಹೋಗಿದ್ದರಂತೆ. ಕೇಳಿಕೊಂಡು ಯಾರೂ ಬರಲಿಲ್ಲ. ಕೊನೆಗೆ ಮ್ಯಾನೇಜರು ಒಲೆ ಹಚ್ಚೋಕೆ ಆಗುತ್ತದೆ ಎಂದು ಅವಳಿಗೆ ಕೊಟ್ಟ. ನಾನು ಬೋಂಡ ಕಟ್ಟಿದ ಕಾಗದವನ್ನೂ ಬಿಡದೆ ಓದುವವಳು ಎಂದು ದೊಡ್ಡವ್ವನಿಗೆ ಗೊತ್ತು. ನಮ್ಮೂರು ಮಾಂಬಳ್ಳಿಗೆ ಬಂದಾಗ ಸೀರೆಯಲ್ಲಿ ಸುತ್ತಿಕೊಂಡು ತಂದಳು. ರಟ್ಟು ಕಿತ್ತುಹೋಗಿತ್ತು. ಮೊದಲ ಹಾಳೆಗಳೂ ಇರಲಿಲ್ಲ. ಪುಸ್ತಕದ ಹೆಸರಿಲ್ಲ, ಬರೆದವರ ಹೆಸರೂ ಇಲ್ಲ.

ನಾನು ಓದಿದ್ದು ಎಂಟನೇ ಕ್ಲಾಸಿನವರೆಗೆ. ಯಾಕೆ ಬಿಟ್ಟೆ ಎಂದರೆ ಮನೆಯಲ್ಲಿ ಬೇರೆ ಬೇರೆ ಕಾರಣ ಹೇಳುತ್ತಾರೆ. ನಿಜವಾದ ಕಾರಣ ಒಂದು ಪದ. ನಮ್ಮ ಕಡೆ ಮಾತಿನಲ್ಲಿ ‘ಹ’ ಹೊರಡುವುದಿಲ್ಲ. ಹೋಗು ಎನ್ನುವುದು ಓಗು, ಹಾಲು ಆಲು, ಹೇಳು ಏಳು. ಇಂಗ್ಲಿಷ್ ಪಾಠ ಮಾಡುತ್ತಿದ್ದ ಶಾಂತಮೂರ್ತಿ ಮೇಷ್ಟ್ರು ಒಂದು ದಿನ ಪ್ರಶ್ನೆ ಕೇಳಿ, ನನ್ನ ಕಡೆ ಬೆರಳು ಮಾಡಿ, “ಏಳು” ಎಂದರು. ನಾನು ಕೂತಲ್ಲೇ ಉತ್ತರ ಹೇಳಿದೆ. ಉತ್ತರ ಸರಿಯಾಗಿತ್ತು. ಆದರೆ ಅವರು ಎದ್ದು ನಿಲ್ಲು ಎಂದಿದ್ದರು.

“ಏಳು ಅಂದೆ, ಹೇಳು ಅನ್ನಲಿಲ್ಲ. ‘ಹ’ ಹೊರಡದ ನಾಲಿಗೆಗೆ ಇಂಗ್ಲಿಷ್ ಬೇರೆ ಕೇಡು.”

ಕ್ಲಾಸೆಲ್ಲ ನಕ್ಕಿತು. ಆವತ್ತಿನಿಂದ ವರ್ಷ ಮುಗಿಯುವವರೆಗೆ ಆಶಾರಾಣಿ ಎಂಬ ನನ್ನ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಎಲ್ಲರ ಬಾಯಲ್ಲೂ ನಾನು ‘ಏಳು’. ಮೇಷ್ಟ್ರು ಹಾಗೆ ಕೂಗಿದರೆ ಎದ್ದು ನಿಲ್ಲುತ್ತಿದ್ದೆ. ಬಾಯಿ ಮಾತ್ರ ತೆರೆಯಲಿಲ್ಲ. ಒಂಬತ್ತನೇ ಕ್ಲಾಸಿಗೆ ಹೋಗಲೇ ಇಲ್ಲ.

ಪುಸ್ತಕ ಸಿಕ್ಕಿದ ಮೇಲೆ ಅದನ್ನು ಅಕ್ಷರ ಅಕ್ಷರ ಕೂಡಿಸಿ ಓದಲು ಕೂತೆ. ಅಕ್ಷರಗಳೆಲ್ಲ ಇಂಗ್ಲಿಷಿನವೇ. ಅರ್ಥವಾಗದಿರುವುದು ನನ್ನ ದಡ್ಡತನ ಎಂದುಕೊಂಡೆ. ಕೆಲವು ಅಕ್ಷರಗಳ ತಲೆ ಮೇಲೆ ಸಣ್ಣ ಗೀಟಿತ್ತು. ಪ್ರಶ್ನೆಯ ಗುರುತು ಸಾಲಿನ ಕೊನೆಯಲ್ಲಿ ಇರುವುದಲ್ಲದೆ ಮೊದಲಲ್ಲೂ ತಲೆಕೆಳಗಾಗಿ ನಿಂತಿತ್ತು. ದೊಡ್ಡವರ ಇಂಗ್ಲಿಷಿನಲ್ಲಿ ಪ್ರಶ್ನೆ ಬರುತ್ತದೆ ಎಂದು ಮುಂಚೆಯೇ ಎಚ್ಚರಿಸುತ್ತಾರೇನೋ ಎಂದು ಅದನ್ನೂ ಒಪ್ಪಿಕೊಂಡೆ.

ತಿಳಿದವರನ್ನು ಕೇಳೋಣ ಎಂದು ಮೂರು ಜನರಿಗೆ ತೋರಿಸಿದೆ. ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನಲ್ಲಿ ಶಾಂತಮೂರ್ತಿ ಮೇಷ್ಟ್ರೇ ಸಿಕ್ಕಿದರು. ರಿಟೈರ್ ಆಗಿ ಅಲ್ಲೇ ಮನೆ ಮಾಡಿದ್ದರು. ನನ್ನ ಗುರುತು ಅವರಿಗೆ ಸಿಗಲಿಲ್ಲ. ಮಾತಾಡದೆ ಪುಸ್ತಕ ಚಾಚಿದೆ. ಒಂದು ಹಾಳೆ ನೋಡಿ, ಇದು ತತ್ವಶಾಸ್ತ್ರ, ಕಣ್ಣಿಗೆ ಕಾಣುವುದೆಲ್ಲ ನಿಜವಾಗಿ ಇದೆಯೋ ಇಲ್ಲವೋ ಎಂಬ ವಿಚಾರ, ನಿನ್ನಂಥವರಿಗಲ್ಲ ಎಂದು ಹಿಂದಕ್ಕೆ ಕೊಟ್ಟರು. ಮೆಡಿಕಲ್ ಸ್ಟೋರಿನವನು ಮರೆವಿನ ಕಾಯಿಲೆಯ ಔಷಧಿ ಪುಸ್ತಕ ಎಂದ. ಕೋರ್ಟಿನ ಹತ್ತಿರ ಟೈಪ್ ಮಾಡುವವರು ಕನ್ನಡಕ ಏರಿಸಿ ನೋಡಿ, ಅಣ್ಣತಮ್ಮಂದಿರ ಜಮೀನಿನ ಕೇಸು ಎಂದರು. ಮೂವರೂ ಗಟ್ಟಿಯಾಗಿಯೇ ಹೇಳಿದರು. ನಾನು ಮೂವರನ್ನೂ ನಂಬಿದೆ. ದಪ್ಪ ಪುಸ್ತಕ, ಎಲ್ಲವೂ ಇರಬಹುದು.

ನಾನು ಕೆಲಸ ಮಾಡುವುದು ಕೊಳ್ಳೇಗಾಲದಲ್ಲಿ, ಪುಷ್ಪಕ್ಕನ ಮಹಡಿ ಮನೆಯ ಕೋಣೆಯಲ್ಲಿ. ರೇಷ್ಮೆ ಸೀರೆಗಳಿಗೆ ಕುಚ್ಚು ಕಟ್ಟುತ್ತೇವೆ. ನೇಯ್ಗೆ ಮುಗಿದ ಮೇಲೆ ಸೆರಗಿನ ತುದಿಯಲ್ಲಿ ಬಿಡಿ ಎಳೆಗಳು ಉಳಿಯುತ್ತವಲ್ಲ, ಅವನ್ನು ಸಮ ಸಮ ಗುಂಪು ಮಾಡಿ, ಗಂಟು ಹಾಕಿ, ಮಣಿ ಪೋಣಿಸಬೇಕು. ಎಳೆ ಹಾರುತ್ತದೆ ಎಂದು ಬೇಸಗೆಯಲ್ಲೂ ಫ್ಯಾನ್ ಹಾಕುವಂತಿಲ್ಲ. ಹಾಗಾಗಿ ಕೋಣೆ ಬಹಳ ನಿಶ್ಶಬ್ದ. ಕೈ ತುಂಬ ಕೆಲಸ, ಕಿವಿ ಖಾಲಿ. ನಮ್ಮಲ್ಲಿ ಹಿರಿಯಳು ಚಾಮುಂಡಮ್ಮ, ಸೂಜಿಯ ಕಣ್ಣು ಕಾಣದಿದ್ದರೂ ಬೆರಳಲ್ಲೇ ಎಳೆ ಎಣಿಸುವವಳು. ನನ್ನ ಪಕ್ಕ ಕೂರುವವರು ರತ್ನಕ್ಕ.

ಚೀಲದಿಂದ ಪುಸ್ತಕ ಇಣುಕಿದ್ದನ್ನು ರತ್ನಕ್ಕ ನೋಡಿ ಕೇಳಿದರು. ಮೂವರು ಹೇಳಿದ್ದನ್ನೂ ಹೇಳಿದೆ. ಚಾಮುಂಡಮ್ಮನ ಕೈ ನಿಂತಿತು.

“ಅದೆಂಗವ್ವ ಒಂದೇ ಬುಕ್ಕಲ್ಲಿ ಜಮೀನೂ ಮರೆವೂ ಇದ್ದಾವು? ಅದ್ರಲ್ಲಿ ಏನೈತೆ ಏಳು ನೋಡ್ವ.”

ಏಳು. ಎಷ್ಟೋ ವರ್ಷಗಳ ಮೇಲೆ ಪುಸ್ತಕದ ಮುಂದೆ ಆ ಪದವನ್ನು ಒಬ್ಬರು ನನಗೆ ನಗದೆ ಹೇಳಿದ್ದರು. ಪುಸ್ತಕವನ್ನು ಎದುರಿನ ಸ್ಟೂಲಿನ ಮೇಲೆ ತೆರೆದಿಟ್ಟೆ. ಬಾಯಿ ತೆರೆದರೆ ಕತೆ ಬಂತು.

ಇಬ್ಬರು ಅಣ್ಣತಮ್ಮಂದಿರು ಒಂದು ಹೊಲಕ್ಕಾಗಿ ಮೂವತ್ತು ವರ್ಷ ಕಾದಾಡಿದರು. ಅಷ್ಟರಲ್ಲಿ ಅಣ್ಣನಿಗೆ ಮರೆವು ಹಿಡಿಯಿತು. ಸರ್ವೆಯರ್ ಬಂದು ಅಳೆದು ನೋಡಿದರೆ ಅಲ್ಲಿ ಹೊಲವೇ ಇಲ್ಲ. ಅವನು ಬದುವನ್ನು ಈ ಕಡೆ ಒತ್ತಿ, ಇವನು ಆ ಕಡೆ ಒತ್ತಿ, ನಡುವಿನ ನೆಲವೆಲ್ಲ ಬದುವಾಗಿಬಿಟ್ಟಿದೆ. ತಮ್ಮ ತಲೆ ಚಚ್ಚಿಕೊಂಡ. ಯಾತಕ್ಕಾಗಿ ಬಂದೆವು ಎಂಬುದು ಮರೆತಿದ್ದ ಅಣ್ಣ, ಕೂರಲು ಒಳ್ಳೆಯ ಅಗಲದ ಬದು ಸಿಕ್ಕಿತು ಎಂದು ಬುತ್ತಿ ಬಿಚ್ಚಿ, ಬಾ ಉಣ್ಣು ಎಂದು ತಮ್ಮನನ್ನು ಕರೆದ.

ರತ್ನಕ್ಕ, ಮುಂದಿನ ಹಾಳೆಯಲ್ಲಿ ಏನಿದೆ ಎಂದರು.

ನಾನೇ ಕಟ್ಟಿದ್ದು ಎನ್ನಲು ನಾಚಿಕೆ. ಪುಸ್ತಕದಲ್ಲಿದೆ ಎಂದರೆ ಯಾರೂ ನನ್ನ ಮುಖ ನೋಡುವುದಿಲ್ಲ, ಪುಸ್ತಕ ನೋಡುತ್ತಾರೆ. ಹಾಗೆ ದಿನವೂ ಮಧ್ಯಾಹ್ನದ ಊಟವಾದ ಮೇಲೆ ಓದು ಶುರುವಾಯಿತು. ನನ್ನ ಎರಡೂ ಕೈ ಎಳೆಯಲ್ಲಿ ಇರುತ್ತಿದ್ದವು. ರತ್ನಕ್ಕ ಹಾಳೆ ಮಗುಚುತ್ತಿದ್ದರು. ರೇಷನ್ ಕಾರ್ಡಿನಲ್ಲಿ ಸತ್ತುಹೋದ ಹೆಂಗಸು ತನ್ನ ತಿಥಿಗೆ ತಾನೇ ಅಡಿಗೆ ಮಾಡಲು ಹೋಗುವ ಕತೆ ಓದಿದೆ. ನಾಳೆಯ ದಿನವನ್ನು ನಿನ್ನೆಯೇ ಖರ್ಚು ಮಾಡಿಬಿಟ್ಟ ಊರಿನ ಕತೆ ಓದಿದೆ. ಪುಷ್ಪಕ್ಕನೂ ಲೆಕ್ಕದ ನೆಪದಲ್ಲಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು.

ಮೈಸೂರಿನಲ್ಲಿ ಡಿಗ್ರಿ ಓದುತ್ತಿದ್ದ ಅವರ ಮಗಳು ಭವ್ಯಶ್ರೀ ರಜಕ್ಕೆ ಬಂದಳು. ಅವಳು ಸ್ಟೂಲಿನ ಮೇಲಿನ ಪುಸ್ತಕ ನೋಡಿ, ಏನೋ ಅನುಮಾನ ಬಂದು ಫೋನಿನ ಕ್ಯಾಮರಾ ಹಿಡಿದಳು. ಎಲ್ಲರೂ ಊಟಕ್ಕೆ ಹೋಗಿದ್ದರು, ನಾನೊಬ್ಬಳೇ ಇದ್ದೆ. ಇದು ಸ್ಪ್ಯಾನಿಷ್ ಕಣೇ, ಇಂಗ್ಲಿಷ್ ಅಲ್ಲವೇ ಅಲ್ಲ, ಯಾವುದೋ ಕತೆಗಳ ಪುಸ್ತಕ, ಇಲ್ಲದ್ದನ್ನೆಲ್ಲ ಇದೆ ಎನ್ನುವಂಥ ಕತೆಗಳು ಎಂದಳು. ಫೋನು ಒಂದೊಂದು ಸಾಲನ್ನು ಕನ್ನಡ ಮಾಡಿ ತೋರಿಸಿತು. ‘ಆ ಮನುಷ್ಯನು ತನ್ನ ಸ್ವಂತ ಮಧ್ಯಾಹ್ನವನ್ನು ಮದುವೆಯಾದನು’ ಎಂದು ಒಂದು ಕಡೆ ಇತ್ತು. ಭವ್ಯಶ್ರೀ ಬಿದ್ದು ಬಿದ್ದು ನಕ್ಕಳು.

ನನಗೆ ನಗು ಬರಲಿಲ್ಲ. ಬಸ್‌ಸ್ಟ್ಯಾಂಡು, ಮೆಡಿಕಲ್ ಸ್ಟೋರು, ಕೋರ್ಟಿನ ಮುಂದಿನ ಮೇಜು ಮೂರೂ ಕಣ್ಣ ಮುಂದೆ ಬಂದವು. ಮಾತಾಡದವರಿಗೆ ನೋಡಲು ಪುರುಸೊತ್ತು ಜಾಸ್ತಿ. ಓದುವವರ ಕಣ್ಣು ಸಾಲಿನ ಜೊತೆ ಓಡುತ್ತದೆ. ಆ ಮೂವರ ಕಣ್ಣು ಹಾಳೆಯ ನಡುವೆ ಒಂದೇ ಕಡೆ ನಿಂತಿತ್ತು. ನಾನು ಅದನ್ನು ನೋಡಿದ್ದೆ. ನೋಡಿಯೂ, ಅವರಿಗೆ ಬಾರದು ಎಂದು ಯೋಚಿಸುವ ಧೈರ್ಯ ನನಗಿರಲಿಲ್ಲ. ಗೊತ್ತಿಲ್ಲ ಎನ್ನಲು ಅವರಿಗೆ ನಾಚಿಕೆ. ಕತೆ ನನ್ನದು ಎನ್ನಲು ನನಗೆ ನಾಚಿಕೆ. ನಾಚಿಕೆಯಲ್ಲಿ ನಾವು ನಾಲ್ಕೂ ಜನ ಒಂದೇ. ಆದರೆ ಅವರ ನಾಚಿಕೆಗೆ ‘ನಿನ್ನಂಥವರಿಗಲ್ಲ’ ಎನಿಸಿಕೊಂಡವಳು ನಾನು.

ಮಾರನೆಯ ದಿನ ಓದುವ ಹೊತ್ತಿಗೆ ಎಲ್ಲರಿಗೂ ನಿಜ ಹೇಳಿಬಿಟ್ಟೆ. ಒಂದು ಗಂಟು ತಪ್ಪಿತು. ಚಾಮುಂಡಮ್ಮ ತಲೆ ಎತ್ತಲಿಲ್ಲ.

“ನಂಗೆ ಆವಾಗ್ಲೇ ಗೊತ್ತಿತ್ತು ಕಣವ್ವ. ನನ್ನ ರೇಷನ್ ಕಾರ್ಡಲ್ಲಿ ನನ್ನ ಸತ್ತೋಳು ಅಂತ ಬರ್ದವ್ರೆ ಅಂತ ಪರದೇಶದೋನಿಗೆ ಎಂಗೆ ತಿಳಿದಾತು?”

ರತ್ನಕ್ಕ ಮಾತ್ರ ಕೋಪ ಮಾಡಿಕೊಂಡರು. “ನಂಗೆ ಗೊತ್ತಿರ್ನಿಲ್ಲ. ಎಷ್ಟು ನಿಯತ್ತಾಗಿ ಆಳೆ ಮಗುಚ್ತಿದ್ದೆ ನಾನು.”

ಫೋನು ಕನ್ನಡ ಮಾಡಿದ್ದನ್ನು ಹೇಳಿದಾಗ ಅವರೂ ನಕ್ಕರು. ಮಧ್ಯಾಹ್ನವನ್ನು ಮದುವೆಯಾದವನ ಕತೆಗಿಂತ ನಿನ್ನದೇ ವಾಸಿ, ಪುಸ್ತಕ ಇರಲಿ, ನೀನು ಓದು ಎಂದರು. ಪುಸ್ತಕವಿಲ್ಲದೆ ಹೇಳಲು ನನಗೂ ಬರುತ್ತಿರಲಿಲ್ಲ. ತೆರೆದ ಹಾಳೆ ಎದುರಿಗಿದ್ದರೆ ಮಾತ್ರ ಬಾಯಿ ತೆರೆಯುತ್ತದೆ.

ಹೊಸ ಕತೆ ಶುರುವಾಗಿದ್ದು ಆವತ್ತೇ. ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ಬಸ್ಸಿನಲ್ಲಿ ಒಬ್ಬ ಅಜ್ಜಿ ದಿನವೂ ಇಲ್ಲದೊಡ್ಡಿಗೆ ಒಂದು ಟಿಕೆಟ್ ಕೇಳುತ್ತಾಳೆ. ಆ ಕಡೆ ದೊಡ್ಡಿ ಎಂದು ಕೊನೆಯಾಗುವ ಊರು ಬೇಕಾದಷ್ಟಿವೆ, ಆದರೆ ಇಲ್ಲದೊಡ್ಡಿ ಎಂಬುದು ಟಿಕೆಟ್ ಮಿಷನ್ನಿನಲ್ಲಿ ಇಲ್ಲ. ಕಂಡಕ್ಟರು ಮುಂದಿನ ಸ್ಟಾಪಿಗೆ ಟಿಕೆಟ್ ಹರಿಯುತ್ತಾನೆ. ಅವಳು ಇಳಿಯುವುದನ್ನು ಮಾತ್ರ ಯಾರೂ ಕಂಡಿಲ್ಲ. ಒಂದು ದಿನ ಅವನು ಕಣ್ಣು ಮಿಟುಕಿಸದೆ ಕಾದು, ಹುಣಸೆಮರದ ಹತ್ತಿರ ಅವಳ ಹಿಂದೆಯೇ ಇಳಿದುಬಿಟ್ಟ. ಅಲ್ಲೊಂದು ಊರಿತ್ತು. ಟೀ ಅಂಗಡಿಯವರು ಎಲ್ಲಿಂದ ಬಂದೆ ಎಂದು ಕೇಳಿದರು. ಕೊಳ್ಳೇಗಾಲದಿಂದ ಎಂದ. ಅವರೆಲ್ಲ ನಕ್ಕರು. ಕೊಳ್ಳೇಗಾಲ ಅನ್ನುವುದು ಆ ಅಜ್ಜಿ ಮಕ್ಕಳಿಗೆ ಹೇಳುವ ಕತೆ, ಅಂಥ ಊರಿಲ್ಲ.

ಇಲ್ಲಿಗೆ ನಿಲ್ಲಿಸಿದ್ದೆ. ಮುಂದಿನದು ನನಗೂ ಗೊತ್ತಿರಲಿಲ್ಲ.

ಮಾರನೆಯ ಮಧ್ಯಾಹ್ನ ಶಾಂತಮೂರ್ತಿ ಮೇಷ್ಟ್ರು ಹೆಂಡತಿಯ ಜೊತೆ ಮೆಟ್ಟಿಲು ಹತ್ತಿ ಬಂದರು. ಮಗಳ ಮದುವೆಯ ಸೀರೆಗಳೆಲ್ಲ ನಮ್ಮಲ್ಲೇ ಇದ್ದವು. ಮುಹೂರ್ತದ ಸೀರೆ ನನ್ನ ತೊಡೆಯ ಮೇಲಿತ್ತು, ಅರ್ಧ ಗಂಟು ಹಾಕಿ ಆಗಿತ್ತು. ಸೆರಗನ್ನು ದಿಂಬಿಗೆ ಪಿನ್ನು ಚುಚ್ಚಿ ಹಿಡಿಸಿದ್ದೆ. ಅವರ ಹೆಂಡತಿ ಹನೂರಿನ ಕಡೆಯವರು. ನನ್ನ ಎದುರಿಗೆ ಚಾಪೆಯ ಮೇಲೆ ಕೂತು, “ಈ ಅಳದಿ ಮಣಿ ಎಷ್ಟು ಚಂದಾಗದೆ” ಎಂದರು.

“ಹಳದಿ” ಎಂದರು ಮೇಷ್ಟ್ರು, ನಿಂತಲ್ಲಿಂದಲೇ. ಆಕೆ ಸುಮ್ಮನಾದರು. ಮೂವತ್ತು ವರ್ಷದಿಂದ ಸುಮ್ಮನಾಗಿ ಅಭ್ಯಾಸವಿದ್ದವರ ಹಾಗೆ.

ಸ್ಟೂಲಿನ ಮೇಲಿನ ಪುಸ್ತಕ ಅವರ ಕಣ್ಣಿಗೆ ಬಿತ್ತು. ಯಾರದು ಎಂದು ಕೇಳಿದರು. ರತ್ನಕ್ಕ, ನಮ್ಮ ಆಶಾರಾಣಿ ದಿನಾ ಓದಿ ಹೇಳುತ್ತಾಳೆ ಎಂದರು ಹೆಮ್ಮೆಯಿಂದ. ಆಶಾರಾಣಿ ಎಂದ ಕೂಡಲೇ ಮೇಷ್ಟ್ರು ನನ್ನನ್ನು ದಿಟ್ಟಿಸಿ ನೋಡಿದರು. ಈ ಸಲ ಗುರುತು ಸಿಕ್ಕಿತು.

“ಓಹೋ, ಏಳು! ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟು ಓಡಿಹೋದವಳು ಇಂಗ್ಲಿಷ್ ಪುಸ್ತಕ ಓದಿ ಹೇಳ್ತಾಳಾ?”

ಪುಸ್ತಕ ಎತ್ತಿಕೊಂಡು ಒಂದು ಹಾಳೆ ನೋಡಿದರು. ಇದು ಇಂಗ್ಲೆಂಡಿನ ರಾಜರ ಚರಿತ್ರೆ, ಇಂಥದ್ದನ್ನು ಇಟ್ಟುಕೊಂಡು ಏನೂ ತಿಳಿಯದ ಹೆಂಗಸರಿಗೆ ಸುಳ್ಳು ಹೇಳುತ್ತಿದ್ದಾಳೆ, ಇದನ್ನು ಯಾವುದಾದರೂ ಶಾಲೆಯ ಲೈಬ್ರರಿಗೆ ಕೊಡುತ್ತೇನೆ ಎಂದು ಕಂಕುಳಲ್ಲಿ ಇಟ್ಟುಕೊಂಡರು. ಆಮೇಲೆ ಪುಷ್ಪಕ್ಕನ ಕಡೆ ತಿರುಗಿ, ಕೆಲಸದ ಹೊತ್ತಿನಲ್ಲಿ ಈ ಕಾಡುಹರಟೆ ನಡೆಯುವುದಾದರೆ ಸೀರೆಗಳನ್ನೆಲ್ಲ ವಾಪಸ್ ಕೊಡಿ ಎಂದರು. ಪುಷ್ಪಕ್ಕ ನನ್ನನ್ನೂ ನೋಡಲಿಲ್ಲ, ಅವರನ್ನೂ ನೋಡಲಿಲ್ಲ. ಪುಷ್ಪಕ್ಕನ ಕಷ್ಟ ನನಗೆ ಅರ್ಥವಾಗುತ್ತಿತ್ತು. ಮೇಷ್ಟ್ರ ನೆಂಟರು ಕೊಳ್ಳೇಗಾಲದ ತುಂಬ ಇದ್ದಾರೆ. ಒಂದು ಮಾತು ಹೊರಗೆ ಹೋದರೆ ಸಾಕು.

ಪುಸ್ತಕ ಅವರ ಕಂಕುಳಲ್ಲಿತ್ತು. ಅದು ಹೋದರೆ ಬಾಯಿಯೂ ಹೋಯಿತು ಎಂದು ನನಗೆ ಗೊತ್ತಿತ್ತು. ಇನ್ನೊಂದು ಸಲ.

“ಓದ ವರ್ಷ ತತ್ವಶಾಸ್ತ್ರ ಅಂದಿದ್ರಿ ಸಾ.”

ನನ್ನ ದನಿ ಎಷ್ಟು ಸಣ್ಣಗಿತ್ತೆಂದರೆ ಅವರು ಏನಂದೆ ಎಂದು ಮತ್ತೆ ಕೇಳಿದರು. ಮತ್ತೆ ಹೇಳಿದೆ. ಬಸ್‌ಸ್ಟ್ಯಾಂಡಿನಲ್ಲಿ ಇದೇ ಪುಸ್ತಕ ತೋರಿಸಿದ್ದೆ, ಕಣ್ಣಿಗೆ ಕಾಣುವುದು ಇದೆಯೋ ಇಲ್ಲವೋ ಎಂಬ ವಿಚಾರ ಎಂದಿದ್ದಿರಿ, ರಾಜರು ಯಾವಾಗ ಬಂದರು ಎಂದೆ. ಚಾಮುಂಡಮ್ಮನ ಬಾಯಿಂದ ಕೆಮ್ಮಿನಂಥದ್ದು ಹೊರಟಿತು.

“ಸಾಲಿನ ಮೊದ್ಲಲ್ಲಿ ಪ್ರಶ್ನೆ ಗುರುತು ತಲೆಕೆಳಗಾಗದಲ್ಲ, ಅದ್ಯಾಕೆ ಸಾ?”

ಅವರು ಪುಸ್ತಕ ತೆಗೆದು ನೋಡಿದರು. ನಾನು ಅವರ ಕಣ್ಣು ನೋಡಿದೆ. ಹಾಳೆಯ ನಡುವೆ ಒಂದೇ ಕಡೆ ನಿಂತಿತು.

“ಪ್ರಿಂಟಿಂಗ್ ಮಿಸ್ಟೇಕು” ಎಂದರು.

“ಎಲ್ಲಾ ಆಳೇಲೂನಾ ಸಾ?”

ಅದು ಸ್ಪ್ಯಾನಿಷ್ ಎಂದು ಬಾಯಿಗೆ ಬಂದಿತ್ತು. ಹೇಳಲಿಲ್ಲ. ಅವರಿಗೆ ಕಲಿಸುವುದು ನನ್ನ ಕೆಲಸವಾಗಿರಲಿಲ್ಲ. ಅವರ ಕಿವಿ ಕೆಂಪಾಯಿತು. ಪುಸ್ತಕವನ್ನು ತೆರೆದಂತೆಯೇ ಸ್ಟೂಲಿನ ಮೇಲೆ ರಪ್ಪನೆ ಹಾಕಿ, ಹಳೆಯ ಕ್ಲಾಸಿನಲ್ಲಿ ಮಾಡುತ್ತಿದ್ದಂತೆಯೇ ಬೆರಳು ಮಾಡಿದರು.

“ಅಷ್ಟು ಬಂದರೆ ನೀನೇ ಓದು. ಏಳು.”

ಎದ್ದು ನಿಂತರೆ ತೊಡೆಯ ಮೇಲಿನ ಎಳೆಗಳೆಲ್ಲ ಕಲೆಸಿಹೋಗುತ್ತಿದ್ದವು ಎಂಬುದು ಒಂದು ಕಾರಣ. ಅದು ಇಲ್ಲದಿದ್ದರೂ ನಾನು ಏಳುತ್ತಿರಲಿಲ್ಲ. ಆ ಪದಕ್ಕೆ ನಮ್ಮೂರಲ್ಲಿ ಏನು ಅರ್ಥವೋ ಅದನ್ನೇ ಇಟ್ಟುಕೊಂಡೆ. ಕೂತಲ್ಲೇ ಹೇಳತೊಡಗಿದೆ.

ಟೀ ಅಂಗಡಿಯವರು ಕಂಡಕ್ಟರನ್ನು ಇಲ್ಲದೊಡ್ಡಿಯ ದೊಡ್ಡ ಮೇಷ್ಟ್ರ ಹತ್ತಿರ ಕರೆದುಕೊಂಡು ಹೋದರು. ಆ ಮೇಷ್ಟ್ರ ಬಳಿ ಒಂದು ಪುಸ್ತಕವಿತ್ತು. ಲೋಕದಲ್ಲಿರುವ ಊರುಗಳೆಲ್ಲ ಅದರಲ್ಲಿವೆ, ಅದರಲ್ಲಿ ಇಲ್ಲದ ಊರು ಎಲ್ಲೂ ಇಲ್ಲ. ಮೇಷ್ಟ್ರು ಪುಸ್ತಕ ತೆರೆದು ನೋಡಿ ಕೊಳ್ಳೇಗಾಲ ಇಲ್ಲ ಎಂದರು. ಕಂಡಕ್ಟರು ಇಣುಕಿ ನೋಡಿದ. ಇಲ್ಲದೊಡ್ಡಿಯ ಹೆಸರು ಎಲ್ಲಿದೆ ತೋರಿಸಿ ಎಂದ. ಮೇಷ್ಟ್ರು ತೋರಿಸಿದ ಕಡೆ ಹಾಳೆ ಬರಿದಾಗಿತ್ತು. ಇನ್ನೊಂದು ಹಾಳೆಯೂ ಬರಿದು. ಪುಸ್ತಕವಿಡೀ ಬರಿದು. ಇಷ್ಟು ವರ್ಷ ಅದನ್ನು ಅವರು ಎತ್ತಿ ಹಿಡಿದಿದ್ದರೇ ಹೊರತು ಯಾರೂ ಹತ್ತಿರ ಬಂದು ನೋಡಿರಲಿಲ್ಲ. ಊರವರು ಹೆದರಿದರು. ಪುಸ್ತಕದಲ್ಲಿ ನಾವೂ ಇಲ್ಲವಾದರೆ ನಾವು ಇದ್ದೇವೋ ಇಲ್ಲವೋ? ಆಗ ಆ ಟಿಕೆಟ್ಟಿನ ಅಜ್ಜಿ ಮುಂದೆ ಬಂದಳು. ಮಡಿಲಿನಿಂದ ಸೂಜಿ ತೆಗೆದಳು, ಸೆರಗಿನಿಂದ ಒಂದು ಎಳೆ ಎಳೆದಳು.

ನಾನು ಒಂದು ಗಂಟು ಬಿಗಿದು, ಹಳದಿ ಮಣಿ ಪೋಣಿಸಿ, ಎಳೆ ಕತ್ತರಿಸಿದೆ. ಮೇಷ್ಟ್ರು ಇನ್ನೂ ನಿಂತೇ ಇದ್ದರು. ಕೋಣೆಯಲ್ಲಿ ನಿಂತಿದ್ದವರು ಅವರೊಬ್ಬರೇ. ಪುಷ್ಪಕ್ಕ ಬಾಗಿಲ ಬಳಿಯಿಂದ ಬಂದು ನನ್ನ ಪಕ್ಕದಲ್ಲಿ ನೆಲದ ಮೇಲೆ ಕೂತುಬಿಟ್ಟಿದ್ದರು. ಅರ್ಧ ಕಟ್ಟಿದ ಸೀರೆ ಹಾಗೆ ಕೊಡೋಕಾಗಲ್ಲ ಸಾರ್, ಮುಗಿಯೋವರೆಗೂ ಬಿಡಿ ಎಂದರು. ಬೇರೆ ಸೀರೆಗಳನ್ನು ಬೇಕಾದರೆ ಒಯ್ಯಿರಿ ಎಂದೂ ಸೇರಿಸಿದರು.

“ಏನೂ ಬೇಡ. ಇದು ಪುಸ್ತಕದಲ್ಲೇ ಇಲ್ಲ, ಎಲ್ಲ ಇವಳ ಸೃಷ್ಟಿ” ಎಂದರು ಮೇಷ್ಟ್ರು.

“ಊಂ ಸಾ. ನಂದೇ” ಎಂದೆ.

ಎಷ್ಟು ಸುಲಭವಿತ್ತು ಅದು. ಒಂದು ವರ್ಷ ಎರಡು ತಿಂಗಳು ನಾನು ಅದನ್ನು ಹೇಳದೆ ಒದ್ದಾಡಿದ್ದೆ.

ಮೇಷ್ಟ್ರು ಚಪ್ಪಲಿ ಮೆಟ್ಟಲು ಬಾಗಿಲಿಗೆ ಹೋದರು. ಅವರ ಹೆಂಡತಿ ಕದಲಲಿಲ್ಲ. ಒಂದು ಕೈ ಗಲ್ಲದ ಮೇಲಿತ್ತು, ಕಣ್ಣು ನನ್ನ ಬೆರಳ ಮೇಲಿತ್ತು. ಮೇಷ್ಟ್ರು ತಿರುಗಿ ನೋಡಿ, ಇಡೀ ಕೋಣೆಗೆ ಕೇಳುವಂತೆ ಆಕೆಗೆ ಹೇಳಿದರು:

“ಏಳು!”

ಆಕೆ ಅವರ ಕಡೆ ನೋಡಲಿಲ್ಲ. ಚಾಪೆಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು, ಸೀರೆಯ ನೆರಿಗೆ ಸರಿಮಾಡಿ ಕೂತು, ನನ್ನ ಮೊಣಕಾಲು ಮುಟ್ಟಿದರು.

“ಏಳು ಅಂತಾವ್ರೆ ಕಣವ್ವ ಯಜಮಾನ್ರು. ಏಳು. ಆ ಅಜ್ಜಿ ಬರೀ ಆಳೆ ಮ್ಯಾಲೆ ಸೂಜೀಲಿ ಏನು ಒಲಿದ್ಲು?”

ರತ್ನಕ್ಕ ಹಾಳೆ ಮಗುಚಿದರು.